ಮುಟ್ಟದೆ ಬಿಸಿ ಅಳೆಯೋಣ: ಟೆಂಪರೇಚರ್ ಗನ್ ಕೊಳ್ಳುವ ಮುನ್ನ



ಕಬ್ಬಿನ ಹಂಗಾಮು ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು ನೋಡಿರುತ್ತೀರಿ. ಮುಂದೆ ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ. ಟ್ರಾಲಿ ತುಂಬ ಕಬ್ಬು. ದಾರಿಯಲ್ಲಿ ಟ್ರಾಲಿಯ ಒಂದು ಗಾಲಿ ಕಾಯುತ್ತದೆ. ಸುಟ್ಟ ಗ್ರೀಸಿನ ವಾಸನೆ ಬರುತ್ತದೆ. ಡ್ರೈವರ್ ಗಾಡಿಯನ್ನು ಊರಿನ ಮಿಸ್ತ್ರಿಯ ಪತ್ರಾ ಶೆಡ್ಡಿನ ಮುಂದೆ ನಿಲ್ಲಿಸುತ್ತಾನೆ.

"ಮಿಸ್ತ್ರಿ ಅಣ್ಣಾ, ಗಾಲಿ ಕಾದೈತಿ. ಸ್ವಲ್ಪ ನೋಡ್ರಿ."

"ಎಷ್ಟು ಕಾದೈತಿ?"

"ಮುಟ್ಟಾಕ ಆಗವಲ್ದರಿ."

ಆಗ ಮಿಸ್ತ್ರಿ ಏನು ಮಾಡುತ್ತಾನೆ? ಕೈ ಹಚ್ಚಿ ನೋಡುತ್ತಾನೆ. ಇಲ್ಲವೆ ಎರಡು ಹನಿ ನೀರು ಚಿಮುಕಿಸುತ್ತಾನೆ. ಚುರ್ ಅಂದರೆ ಬಹಳ ಕಾದಿದೆ ಎಂದು ಲೆಕ್ಕ. ಇದು ಹಳೆಯ ಪದ್ಧತಿ. ಅನುಭವದ ಕೈಗೆ ಬೆಲೆ ಇದ್ದೇ ಇದೆ. ಆದರೆ ಕೈಗೆ ಒಂದು ಮಿತಿಯೂ ಇದೆ. 60 ಡಿಗ್ರಿ ಬಿಸಿಯ ನೀರು ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಕಬ್ಬಿಣ 70 ಡಿಗ್ರಿ ಇರಲಿ, 120 ಡಿಗ್ರಿ ಇರಲಿ, ಕೈಗೆ ಎರಡೂ ಒಂದೇ. "ಸುಡತೈತಿ" ಎನ್ನುವುದಷ್ಟೇ ಗೊತ್ತಾಗುತ್ತದೆ. ಆದರೆ ಆ ಎರಡು ಬಿಸಿಗೂ ರಿಪೇರಿ ಬೇರೆ ಬೇರೆ.

ಕೈ ಸುಟ್ಟುಕೊಂಡ ಮಿಸ್ತ್ರಿಗೆ ನಾಲ್ಕು ದಿನ ಪಾನಾ ಹಿಡಿಯಲು ಆಗುವುದಿಲ್ಲ. ನಾಲ್ಕು ದಿನದ ದುಡಿಮೆ ಹೋಯಿತು. ಇದಕ್ಕೆ ಈಗ ಒಂದು ಉಪಾಯ ಇದೆ. ಅದೇ ಟೆಂಪರೇಚರ್ ಗನ್. ದೂರದಿಂದ ಹಿಡಿದು ಗುಂಡಿ ಒತ್ತಿದರೆ ಸಾಕು, ಬಿಸಿ ಎಷ್ಟು ಎಂದು ಅಂಕಿಯಲ್ಲಿ ತೋರಿಸುತ್ತದೆ. ಮನೆಯ ಗ್ಯಾರೇಜಿಗೆ ಸಾಕಾಗುವಂಥದ್ದು ಸಾಮಾನ್ಯವಾಗಿ ಸಾವಿರದಿಂದ ಎರಡು ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಆದರೆ ತಿಳಿಯದೆ ಕೊಂಡರೆ ಆ ದುಡ್ಡು ನೀರಿನಲ್ಲಿ ಹೋಮ ಮಾಡಿದಂತೆ.

ನಿಮ್ಮದೇ ಗ್ಯಾರೇಜ್ ಇದ್ದರೆ ಇದನ್ನು ನಿಧಾನವಾಗಿ ಓದಿ. ತಾಯಂದಿರೇ, ನಿಮ್ಮ ಮಗನೋ ತಮ್ಮನೋ ಗ್ಯಾರೇಜ್ ಇಟ್ಟಿದ್ದರೆ ಅವನಿಗೆ ಓದಿ ಹೇಳಿ.

ಇದು ಹೇಗೆ ಅಳೆಯುತ್ತದೆ?

ರಾತ್ರಿ ಒಲೆಯ ಮುಂದೆ ಕುಳಿತಿದ್ದೀರಿ. ಒಲೆಯನ್ನು ಮುಟ್ಟಿಲ್ಲ. ಆದರೂ ಮುಖಕ್ಕೆ ಬಿಸಿ ತಾಗುತ್ತದೆ. ಹೌದಲ್ಲವೇ? ಆ ಬಿಸಿ ಕಿರಣವಾಗಿ ಬರುತ್ತದೆ. ಕಿರಣ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಅವಕೆಂಪು ಕಿರಣ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇನ್‌ಫ್ರಾರೆಡ್.

ಇದನ್ನು ಕಂಡುಹಿಡಿದವನು ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ. 1800ನೇ ಇಸವಿಯಲ್ಲಿ ಆತ ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿದ. ಕಾಮನಬಿಲ್ಲಿನ ಬಣ್ಣಗಳು ಮೂಡಿದವು. ಒಂದೊಂದು ಬಣ್ಣದ ಮೇಲೂ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪು ಬಣ್ಣ ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲಿ ಇಟ್ಟಾಗಲೂ ಬಿಸಿ ಏರಿತು! ಕೆಂಪಿನ ಆಚೆಗೂ ಕಿರಣ ಇದೆ ಎಂದು ಆಗ ಗೊತ್ತಾಯಿತು.

ಎಲ್ಲ ವಸ್ತುವೂ ಈ ಕಿರಣವನ್ನು ಹೊರಸೂಸುತ್ತದೆ. ಬಿಸಿ ಹೆಚ್ಚಾದಷ್ಟೂ ಕಿರಣ ಹೆಚ್ಚು. ಗನ್ನಿನ ಮುಂದೆ ಒಂದು ಸಣ್ಣ ಕಣ್ಣು ಇರುತ್ತದೆ. ಅದು ಈ ಕಿರಣವನ್ನು ಹಿಡಿದು ಬಿಸಿಯನ್ನು ಲೆಕ್ಕ ಹಾಕುತ್ತದೆ.

ಹಾಗಾದರೆ ಗನ್ನಿನಿಂದ ಬೀಳುವ ಕೆಂಪು ಚುಕ್ಕಿ ಏನು? ಅದು ಲೇಸರ್ ಬೆಳಕು. ಅದು ಬಿಸಿಯನ್ನು ಅಳೆಯುವುದಿಲ್ಲ. ಎಲ್ಲಿಗೆ ಗುರಿ ಹಿಡಿದಿದ್ದೀರಿ ಎಂದು ತೋರಿಸುತ್ತದೆ, ಅಷ್ಟೇ.

ಇನ್ನೊಂದು ಮಾತು. ಗನ್ ವಸ್ತುವಿನ ಮೇಲ್ಮೈ ಬಿಸಿಯನ್ನು ಮಾತ್ರ ನೋಡುತ್ತದೆ. ಒಳಗಿನ ಬಿಸಿ ಅದಕ್ಕೆ ಕಾಣದು. ಗಾಜಿನ ಹಿಂದಿನದೂ ಕಾಣದು. ಗಾಜಿಗೆ ಹಿಡಿದರೆ ಗಾಜಿನ ಬಿಸಿಯನ್ನೇ ತೋರಿಸುತ್ತದೆ.

ಹಣೆಯ ಗನ್ ಬೇರೆ, ಗ್ಯಾರೇಜಿನ ಗನ್ ಬೇರೆ

2020ರಲ್ಲಿ ಕೊರೊನಾ ಬಂದಾಗ ಎಲ್ಲ ಬಾಗಿಲುಗಳಲ್ಲೂ ಹಣೆಗೆ ಗನ್ ಹಿಡಿಯುತ್ತಿದ್ದರು. ನಿಮಗೂ ಹಿಡಿದಿರಬಹುದು. ಅಂಥ ಗನ್ ಈಗ ಅಗ್ಗಕ್ಕೆ ಸಿಕ್ಕರೆ "ಇದನ್ನ ಗ್ಯಾರೇಜಿಗೆ ಇಟ್ಟರಾತು" ಎನಿಸುತ್ತದೆ. ಬ್ಯಾಡ್ರಿ. ಅದು ಮನುಷ್ಯನ ಜ್ವರ ನೋಡಲು ಮಾಡಿದ್ದು. ಅದು ಅಳೆಯುವುದು ಸುಮಾರು 32ರಿಂದ 43 ಡಿಗ್ರಿವರೆಗೆ. ಇಂಜಿನ್‌ಗೆ ಹಿಡಿದರೆ ಅಂಕಿಯನ್ನೇ ತೋರಿಸುವುದಿಲ್ಲ. "ಹೈ" ಎಂದು ಇಂಗ್ಲಿಷ್ ಅಕ್ಷರ ತೋರಿಸಿ ಸುಮ್ಮನಾಗುತ್ತದೆ.

ಹಾಗೆಯೇ ಗ್ಯಾರೇಜಿನ ಗನ್ನಿನಿಂದ ಮಕ್ಕಳ ಜ್ವರ ನೋಡಬೇಡಿ. ಅದರಲ್ಲಿ ಎರಡು ಡಿಗ್ರಿ ಹೆಚ್ಚು ಕಡಿಮೆ ಆಗಬಹುದು. ಇಂಜಿನ್‌ಗೆ ಎರಡು ಡಿಗ್ರಿ ದೊಡ್ಡದಲ್ಲ. ಮೈಗೆ ಎರಡು ಡಿಗ್ರಿ ಎಂದರೆ ಜ್ವರ ಇದೆಯೋ ಇಲ್ಲವೋ ಎನ್ನುವಷ್ಟು ವ್ಯತ್ಯಾಸ.

ಡಬ್ಬಿಯ ಮೇಲೆ ಏನು ಓದಬೇಕು?

ಸೊಲ್ಲಾಪುರ, ಸಾಂಗ್ಲಿಯಂಥ ಪೇಟೆಯ ಅಂಗಡಿಯಲ್ಲಿ ಮಾತು ಮರಾಠಿ, ಡಬ್ಬಿಯ ಮೇಲಿನ ಬರಹ ಇಂಗ್ಲಿಷ್. ಹೆದರಬೇಡಿ. ತಾಪಮಾನ ಎಂಬ ಶಬ್ದ ಮರಾಠಿಗೂ ಕನ್ನಡಕ್ಕೂ ಒಂದೇ. ಡಬ್ಬಿಯ ಮೇಲೆ ನಿಮಗೆ ಬೇಕಾದದ್ದು ಹೆಚ್ಚಾಗಿ ಅಂಕಿಗಳೇ. ಅಂಕಿ ಓದಲು ನಿಮಗೆ ಬರುತ್ತದೆ. ಮೂರು ವಿಷಯ ನೋಡಿ.

ಒಂದು: ಎಲ್ಲಿಂದ ಎಲ್ಲಿಯವರೆಗೆ ಅಳೆಯುತ್ತದೆ? ಡಬ್ಬಿಯ ಮೇಲೆ "-50ರಿಂದ 400" ಎಂಬಂತೆ ಎರಡು ಅಂಕಿ ಇರುತ್ತವೆ. ಕೆಲವದರಲ್ಲಿ 380, ಕೆಲವದರಲ್ಲಿ 550. ಅಂಗಡಿಯವರು "ಇದು 550 ತನಕ ನೋಡ್ತದ, ಇದನ್ನೇ ತಗೊಳ್ರಿ" ಎನ್ನಬಹುದು. ಗಾಲಿ, ಬ್ರೇಕ್ ಡ್ರಮ್, ಬೇರಿಂಗ್, ರೇಡಿಯೇಟರ್, ಬ್ಯಾಟರಿ, ಪಂಪ್‌ಸೆಟ್ ಮೋಟಾರು, ಇವಕ್ಕೆಲ್ಲ 380 ಅಥವಾ 400 ಸಾಕು. ದೊಡ್ಡ ಅಂಕಿಗಾಗಿ ಹೆಚ್ಚು ದುಡ್ಡು ಕೊಡಬೇಡಿ.

ಎರಡು: ಎಷ್ಟು ದೂರದಿಂದ ಎಷ್ಟು ಜಾಗ ನೋಡುತ್ತದೆ? ಇದು ಬಹಳ ಮುಖ್ಯ. ಡಬ್ಬಿಯ ಮೇಲೆ 8:1 ಅಥವಾ 12:1 ಎಂದು ಬರೆದಿರುತ್ತದೆ. ನಡುವೆ ಎರಡು ಚುಕ್ಕಿ ಇರುತ್ತವೆ. 8:1 ಎಂದರೆ 8 ಇಂಚು ದೂರದಿಂದ 1 ಇಂಚು ಅಗಲದ ಜಾಗ ನೋಡುತ್ತದೆ. 12:1 ಎಂದರೆ 12 ಇಂಚು ದೂರದಿಂದ 1 ಇಂಚು ಜಾಗ.

ಬ್ಯಾಟರಿ ಲೈಟ್ ನೆನಪಿಸಿಕೊಳ್ಳಿ. ಗೋಡೆಯ ಹತ್ತಿರ ಹಿಡಿದರೆ ಬೆಳಕಿನ ವೃತ್ತ ಸಣ್ಣದು. ಹಿಂದೆ ಸರಿದಂತೆ ವೃತ್ತ ದೊಡ್ಡದಾಗುತ್ತದೆ. ಗನ್ನಿನ ನೋಟವೂ ಹಾಗೆಯೇ. 8:1 ಗನ್ನನ್ನು 24 ಇಂಚು ದೂರದಿಂದ ಹಿಡಿದರೆ ಅದು 3 ಇಂಚು ಜಾಗ ನೋಡುತ್ತದೆ. ನೀವು ಅಳೆಯುವ ಪೈಪು 1 ಇಂಚು ದಪ್ಪ ಇದ್ದರೆ? ಪೈಪಿನ ಜೊತೆ ಹಿಂದಿನ ತಗಡನ್ನೂ ಕೂಡಿಸಿ ಒಂದು ತಪ್ಪು ಅಂಕಿ ತೋರಿಸುತ್ತದೆ. ಗನ್ ಕೆಟ್ಟಿಲ್ಲ, ಹಿಡಿದ ದೂರ ತಪ್ಪು.

ಗ್ಯಾರೇಜಿನಲ್ಲಿ ತಿರುಗುವ ಫ್ಯಾನಿಗೆ, ಬೆಲ್ಟಿಗೆ ತೀರಾ ಹತ್ತಿರ ಹೋಗಬಾರದು. ಆದ್ದರಿಂದ 12:1 ಇದ್ದದ್ದೇ ಒಳ್ಳೆಯದು. ನೂರಿನ್ನೂರು ರೂಪಾಯಿ ಹೆಚ್ಚಾದರೂ ಇದಕ್ಕೆ ಕೊಡಿ. 550ಕ್ಕೆ ಕೊಡುವುದಕ್ಕಿಂತ ಇದು ಲಾಭ.

ಮೂರು: ಸಿ ಅಕ್ಷರವೋ, ಎಫ್ ಅಕ್ಷರವೋ? ಪರದೆಯ ಮೇಲೆ ಅಂಕಿಯ ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅರ್ಧ ಚಂದ್ರನ ಹಾಗೆ ಇದ್ದರೆ ಅದು ಸಿ. ಅಂದರೆ ಸೆಲ್ಸಿಯಸ್, ನಾವು ಬಳಸುವ ಡಿಗ್ರಿ. ಇನ್ನೊಂದು ಎಫ್. ಅಂದರೆ ಫ್ಯಾರನ್‌ಹೀಟ್. ಎಫ್ ಇಟ್ಟು ಇಂಜಿನ್ ನೋಡಿದರೆ 190 ಎಂದು ಬರಬಹುದು. "ಅಯ್ಯೋ, ಇಂಜಿನ್ ಸುಟ್ಟೇ ಹೋತು" ಎಂದು ಗಾಬರಿಯಾಗಬೇಡಿ. ಅದು ನಮ್ಮ ಲೆಕ್ಕದಲ್ಲಿ ಸುಮಾರು 88 ಡಿಗ್ರಿ ಮಾತ್ರ. ಎರಡರ ನಡುವೆ ಬದಲಿಸುವ ಗುಂಡಿಯನ್ನು ಅಂಗಡಿಯವರಿಂದಲೇ ಕೇಳಿ ತಿಳಿಯಿರಿ.

ಹೊಳೆಯುವ ವಸ್ತು ಮೋಸ ಮಾಡುತ್ತದೆ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಅಗ್ಗದ ಗನ್ ಇರಲಿ, ದುಬಾರಿ ಗನ್ ಇರಲಿ, ಹೊಳೆಯುವ ಲೋಹದ ಮುಂದೆ ಸೋಲುತ್ತದೆ.

ಮಸಿ ಹಿಡಿದ ಗಡಿಗೆ, ಬಣ್ಣ ಬಳಿದ ತಗಡು, ರಬ್ಬರ್, ತುಕ್ಕು ಹಿಡಿದ ಕಬ್ಬಿಣ, ಇವು ತಮ್ಮ ಬಿಸಿಯನ್ನು ಚೆನ್ನಾಗಿ ಹೊರಸೂಸುತ್ತವೆ. ಥಳಥಳ ಹೊಳೆಯುವ ಸ್ಟೀಲು, ಅಲ್ಯೂಮಿನಿಯಂ, ಬೈಕಿನ ಸೈಲೆನ್ಸರಿನ ಕ್ರೋಮ್ ಹಾಗಲ್ಲ. ಅವು ಕನ್ನಡಿ ಇದ್ದ ಹಾಗೆ. ತಮ್ಮ ಬಿಸಿಯನ್ನು ಸ್ವಲ್ಪವೇ ಸೂಸುತ್ತವೆ. ಸುತ್ತಲಿನ ವಸ್ತುಗಳ ಬಿಸಿಯನ್ನು ಪ್ರತಿಫಲಿಸುತ್ತವೆ. ಹೀಗಾಗಿ ಕೈ ಸುಡುವಷ್ಟು ಕಾದ ಸೈಲೆನ್ಸರ್‌ಗೆ ಗನ್ ಹಿಡಿದರೆ ಎಷ್ಟೋ ಕಡಿಮೆ ಅಂಕಿ ಬರಬಹುದು. ಅದನ್ನು ನಂಬಿ ಮುಟ್ಟಿದರೆ ಕೈ ಸುಡುತ್ತದೆ.

ಬೇಕಾದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಹೊಳೆಯುವ ಸ್ಟೀಲ್ ಲೋಟ ತೆಗೆದುಕೊಳ್ಳಿ. ಅದರ ಹೊರಗೆ ಒಂದು ಕಡೆ ಕಾಗದದ ಟೇಪು ಅಂಟಿಸಿ. ಪೇಂಟರ್ ಬಳಸುವ ಮಾಸ್ಕಿಂಗ್ ಟೇಪು ಆದರೆ ಒಳ್ಳೆಯದು. ಲೋಟಕ್ಕೆ ಬಿಸಿ ನೀರು ಹಾಕಿ. ಒಂದು ನಿಮಿಷ ಬಿಡಿ. ಮೊದಲು ಟೇಪಿಗೆ ಗನ್ ಹಿಡಿಯಿರಿ. ಆಮೇಲೆ ಹೊಳೆಯುವ ಕಡೆ ಹಿಡಿಯಿರಿ. ನೀರು ಒಂದೇ, ಲೋಟ ಒಂದೇ, ಆದರೆ ಅಂಕಿ ಎರಡು! ಟೇಪಿನ ಮೇಲಿನ ಅಂಕಿಯೇ ನಿಜಕ್ಕೆ ಹತ್ತಿರ.

ಇದೇ ಉಪಾಯವನ್ನು ಗ್ಯಾರೇಜಿನಲ್ಲಿ ಬಳಸಿ. ಹೊಳೆಯುವ ಭಾಗ ತಣ್ಣಗಿರುವಾಗಲೇ ಅದರ ಮೇಲೆ ಒಂದು ತುಂಡು ಟೇಪು ಅಂಟಿಸಿ. ಆಮೇಲೆ ಇಂಜಿನ್ ಚಾಲೂ ಮಾಡಿ, ಟೇಪಿಗೆ ಗುರಿ ಹಿಡಿಯಿರಿ. ಸೈಲೆನ್ಸರಿನಂತೆ ಬಹಳ ಕಾಯುವ ಜಾಗಕ್ಕೆ ಟೇಪು ಹಚ್ಚಬೇಡಿ, ಸುಟ್ಟು ಹೋಗುತ್ತದೆ. ಅಲ್ಲಿ ಬಿಸಿ ತಡೆಯುವ ಕಪ್ಪು ಪೇಂಟಿನ ಒಂದು ಬೊಟ್ಟು ಇಡಿ.

ಬಿಸಿ ಸೂಸುವ ಈ ಗುಣಕ್ಕೆ ಇಂಗ್ಲಿಷಿನಲ್ಲಿ ಎಮಿಸಿವಿಟಿ ಎನ್ನುತ್ತಾರೆ. ಅಗ್ಗದ ಗನ್‌ಗಳಲ್ಲಿ ಅದನ್ನು ಸಾಮಾನ್ಯವಾಗಿ 0.95ಕ್ಕೆ ಕಾಯಂ ಮಾಡಿರುತ್ತಾರೆ. ಕೆಲವದರಲ್ಲಿ ಬದಲಿಸಲು ಬರುತ್ತದೆ. ಬದಲಿಸಲು ಬಂದರೆ ಒಳ್ಳೆಯದೇ. ಬಾರದಿದ್ದರೂ ಟೇಪಿನ ಉಪಾಯ ಗೊತ್ತಿದ್ದವರಿಗೆ ನಷ್ಟವಿಲ್ಲ.

ದುಡ್ಡು ಕೊಡುವ ಮುನ್ನ ಪರೀಕ್ಷೆ

ಅಂಗಡಿಯಲ್ಲಿ ಹೀಗೆ ಕೇಳಿ: "ಸಾವಕಾರ್ರ, ಒಮ್ಮೆ ಹಿಡಿದು ನೋಡ್ತೀನ್ರಿ."

ಮೊದಲು ನೆರಳಿನಲ್ಲಿರುವ ಗೋಡೆಯ ಒಂದೇ ಜಾಗಕ್ಕೆ ಐದು ಸಲ ಹಿಡಿಯಿರಿ. ಐದೂ ಸಲ ಹೆಚ್ಚು ಕಡಿಮೆ ಅದೇ ಅಂಕಿ ಬರಬೇಕು. ಒಮ್ಮೆ 31, ಒಮ್ಮೆ 38 ಬಂದರೆ ಆ ಗನ್ ಬೇಡ.

ಎರಡನೆಯದು ಮಂಜುಗಡ್ಡೆಯ ಪರೀಕ್ಷೆ. ಹತ್ತಿರದ ಕಬ್ಬಿನ ಹಾಲಿನ ಅಂಗಡಿಯಲ್ಲಿ ಬರ್ಫ ಸಿಗುತ್ತದೆ. ಬರ್ಫವನ್ನು ಪುಡಿ ಮಾಡಿ ಲೋಟದ ತುಂಬ ಹಾಕಿ. ಸ್ವಲ್ಪ ನೀರು ಹಾಕಿ ಚೆನ್ನಾಗಿ ಕಲಕಿ. ಮೇಲಿನಿಂದ ನೇರವಾಗಿ, ಮೂರು ನಾಲ್ಕು ಇಂಚು ಎತ್ತರದಿಂದ ಹಿಡಿಯಿರಿ. ಅಂಕಿ 0 ಬರಬೇಕು. ಎರಡು ಡಿಗ್ರಿ ಆಚೆ ಈಚೆ ಆದರೆ ನಡೆಯುತ್ತದೆ. 6 ಅಥವಾ 7 ಬಂದರೆ ತಿರುಗಿ ಕೊಡಿ.

ಕುದಿಯುವ ನೀರಿನಲ್ಲಿ ಪರೀಕ್ಷೆ ಬೇಡ. ಆವಿ ಗನ್ನಿನ ಕಣ್ಣಿಗೆ ಕೂತು ಅಂಕಿ ತಪ್ಪುತ್ತದೆ.

ಬ್ಯಾಟರಿಯನ್ನೂ ನೋಡಿ. ಕೆಲವಕ್ಕೆ ಚೌಕದ 9 ವೋಲ್ಟ್ ಸೆಲ್ಲು, ಕೆಲವಕ್ಕೆ ಎರಡು ಸಣ್ಣ ಪೆನ್ಸಿಲ್ ಸೆಲ್ಲು ಬೇಕು. ನಿಮ್ಮ ಊರಿನ ಅಂಗಡಿಯಲ್ಲಿ ಸಿಗುವ ಸೆಲ್ಲಿನ ಗನ್ ಕೊಳ್ಳಿ. ಸೆಲ್ಲು ಇಳಿದರೆ ಅಂಕಿಯೂ ತಪ್ಪಬಹುದು.

ಕೊನೆಗೆ ಪಕ್ಕಾ ಬಿಲ್ ಕೇಳಿ ಪಡೆಯಿರಿ. ಬಿಲ್ಲಿನ ಮೇಲೆ ದಿನಾಂಕ ಮತ್ತು ಗ್ಯಾರಂಟಿ ಎಷ್ಟು ತಿಂಗಳು ಎಂದು ಬರೆಸಿ. ಬರೆದದ್ದನ್ನು ನೀವೇ ಓದಿ ನೋಡಿ. ಕೆಟ್ಟ ಮಾಲು ಕೊಟ್ಟು ಬದಲಿಸಿ ಕೊಡದಿದ್ದರೆ 1915 ನಂಬರಿಗೆ ಫೋನ್ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ ಇದ್ದರೆ ನಿಮ್ಮ ಮಾತಿಗೆ ಬಲ.

ಗ್ಯಾರೇಜಿನಲ್ಲಿ ಬಳಸುವುದು ಹೇಗೆ?

ಒಂದು ಸೂತ್ರ ನೆನಪಿಡಿ: ಒಂದೇ ಅಂಕಿ ನೋಡಬೇಡಿ, ಎರಡು ಅಂಕಿ ಹೋಲಿಸಿ.

ಮೊದಲು ಹೇಳಿದ ಕಬ್ಬಿನ ಟ್ರಾಲಿಗೆ ಬರೋಣ. ಮಿಸ್ತ್ರಿ ಎಡಗಾಲಿಯ ಹಬ್ಬಿಗೆ ಗನ್ ಹಿಡಿದ. 52 ಬಂತು. ಅದೇ ಅಚ್ಚಿನ ಬಲಗಾಲಿಗೆ ಅಷ್ಟೇ ದೂರದಿಂದ ಹಿಡಿದ. 97 ಬಂತು. ಭಾರ ಒಂದೇ, ದಾರಿ ಒಂದೇ. ಆದರೂ ಬಲಗಾಲಿ ಇಷ್ಟು ಕಾದಿದೆ ಎಂದರೆ ಅಲ್ಲಿ ದೋಷ ಇದೆ. ಬೇರಿಂಗ್ ಹೋಗಿರಬೇಕು, ಬಿಗಿ ಹೆಚ್ಚಾಗಿರಬೇಕು, ಇಲ್ಲವೆ ಗ್ರೀಸು ಮುಗಿದಿರಬೇಕು. ಬಿಸಿಲು ಬಿದ್ದ ಕಡೆಯ ಗಾಲಿ ಐದಾರು ಡಿಗ್ರಿ ಹೆಚ್ಚಿದ್ದರೆ ಅದು ದೋಷವಲ್ಲ.

"ನೋಡ್ರಿ ಕಾಕಾ, ಈ ಕಡೆ 52, ಆ ಕಡೆ 97. ಬೇರಿಂಗ್ ಬಿಚ್ಚಬೇಕಾಗತೈತಿ" ಎಂದು ಟ್ರ್ಯಾಕ್ಟರ್ ಮಾಲೀಕರಿಗೆ ತೋರಿಸಿದರೆ ಅವರಿಗೂ ನಂಬಿಕೆ ಬರುತ್ತದೆ. "ಸುಮ್ನ ಖರ್ಚು ಹಚ್ತಾನ" ಎಂಬ ಮಾತು ಬರುವುದಿಲ್ಲ.

ಕಾರು, ಜೀಪಿನ ಬ್ರೇಕ್ ಡ್ರಮ್ಮಿಗೂ ಇದೇ ರೀತಿ. ಒಂದು ಕಡೆ ಬಹಳ ಬಿಸಿ ಇದ್ದರೆ ಆ ಬ್ರೇಕು ಬಿಡದೆ ಹಿಡಿದುಕೊಂಡಿರಬಹುದು.

ಮೂರು ಸಿಲಿಂಡರಿನ ಟ್ರ್ಯಾಕ್ಟರ್ ಹೊಗೆ ಬಿಡುತ್ತಾ ಗಡಗಡ ಅನ್ನುತ್ತಿದೆಯೇ? ಚಾಲೂ ಮಾಡಿದ ಮೇಲೆ ಹೊಗೆ ಹೊರಬರುವ ಮೂರೂ ಬಾಯಿಗೆ ಹಿಡಿಯಿರಿ. ಎರಡು ಹೆಚ್ಚು ಬಿಸಿ ಇದ್ದು ಒಂದು ಬಹಳ ಕಡಿಮೆ ಇದ್ದರೆ ಆ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ.

ನೀರಿನಿಂದ ತಂಪಾಗುವ ಇಂಜಿನ್ ಕೆಲಸ ಮಾಡುವಾಗ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಇರುತ್ತದೆ. ಇಂಜಿನ್ ಮೈ ಬಹಳ ಕಾದಿದೆ, ಆದರೆ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಪೈಪು ಅಷ್ಟು ಬಿಸಿಯಾಗಿಲ್ಲ. ಆಗ ನೀರು ತಿರುಗುತ್ತಿಲ್ಲ ಎಂದು ಅರ್ಥ. ಥರ್ಮೋಸ್ಟ್ಯಾಟ್ ವಾಲ್ವು ಅಥವಾ ನೀರಿನ ಪಂಪು ನೋಡಬೇಕು.

ಬ್ಯಾಟರಿಯ ಎರಡು ತುದಿಗಳಲ್ಲಿ ಒಂದು ಮಾತ್ರ ಬಿಸಿಯಾದರೆ ಅಲ್ಲಿ ಜೋಡಣೆ ಸಡಿಲ ಇರಬಹುದು. ಆ ತುದಿಗಳೂ ಹೊಳೆಯುತ್ತವೆ. ಮೊದಲೇ ಟೇಪು ಹಚ್ಚಿ ಅಳೆಯಿರಿ.

ಜಾಗ್ರತೆ!

ಕಾದ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಒಳಗೆ ಒತ್ತಡ ಇರುತ್ತದೆ. ತೆರೆದ ಕೂಡಲೇ ಕುದಿ ನೀರು ಮುಖಕ್ಕೆ ಚಿಮ್ಮುತ್ತದೆ. ಮುಚ್ಚಳ ಹೊಳೆಯುತ್ತದೆ, ಅದರ ಅಂಕಿ ನಂಬಬೇಡಿ. ರೇಡಿಯೇಟರಿನ ಕಪ್ಪು ಬಣ್ಣದ ಮೇಲಿನ ತೊಟ್ಟಿಗೆ ಗನ್ ಹಿಡಿಯಿರಿ. 50ಕ್ಕಿಂತ ಕೆಳಗೆ ಬರುವವರೆಗೆ ಕಾಯಿರಿ. ಗನ್ ಹೊರಗಿನ ಬಿಸಿ ಮಾತ್ರ ನೋಡುತ್ತದೆ ಎಂಬುದನ್ನು ಮರೆಯದೆ, ಆಮೇಲೂ ದಪ್ಪ ಬಟ್ಟೆ ಹಾಕಿ, ಮುಖ ದೂರ ಇಟ್ಟು, ನಿಧಾನವಾಗಿ ತಿರುಗಿಸಿ.

ಲೇಸರ್ ಚುಕ್ಕಿಯನ್ನು ಯಾರ ಕಣ್ಣಿಗೂ ಬಿಡಬೇಡಿ. ಹೊಳೆಯುವ ಲೋಹದಿಂದ ಅದು ತಿರುಗಿ ನಿಮ್ಮ ಕಣ್ಣಿಗೂ ಬೀಳಬಹುದು. ಗನ್ ಮಕ್ಕಳ ಆಟಿಕೆ ಅಲ್ಲ.

ಫ್ಯಾನು, ಬೆಲ್ಟು ತಿರುಗುವಾಗ ಟಾವೆಲ್ಲು, ಧೋತರದ ಚುಂಗು, ಸೀರೆಯ ಸೆರಗು ಕಟ್ಟಿಕೊಳ್ಳಿ.

ಅಕಸ್ಮಾತ್ ಕೈ ಸುಟ್ಟರೆ ಕೂಡಲೇ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಬರ್ಫ, ಟೂತ್‌ಪೇಸ್ಟ್, ಗ್ರೀಸು ಹಚ್ಚಬೇಡಿ. ಬೊಕ್ಕೆ ದೊಡ್ಡದಾದರೆ ದವಾಖಾನೆಗೆ ಹೋಗಿ.

ಗನ್ನಿನ ಕಣ್ಣಿಗೆ ಎಣ್ಣೆ, ಧೂಳು ತಾಗದಿರಲಿ. ಮೆತ್ತನೆಯ ಹತ್ತಿಯಿಂದ ಒರೆಸಿ. ಉಸುಕು ಇರುವ ಬಟ್ಟೆಯಿಂದ ತಿಕ್ಕಬೇಡಿ. ಬಿಸಿಲಿನಲ್ಲಿ ಇಟ್ಟ ಗನ್ನನ್ನು ತಕ್ಷಣ ಬಳಸಬೇಡಿ. ಅರ್ಧ ಗಂಟೆ ನೆರಳಿನಲ್ಲಿಟ್ಟು ಬಳಸಿ.

ನೆನಪಿಡಿ

1. ಹಣೆಯ ಗನ್ ಗ್ಯಾರೇಜಿಗೆ ಬೇಡ, ಗ್ಯಾರೇಜಿನ ಗನ್ ಹಣೆಗೆ ಬೇಡ.
2. 380 ಅಥವಾ 400 ಡಿಗ್ರಿ ಸಾಕು. 12:1 ಇರಲಿ.
3. ಹೊಳೆಯುವುದಕ್ಕೆ ಟೇಪು ಹಚ್ಚಿ ಅಳೆಯಿರಿ.
4. ಬರ್ಫದ ಪರೀಕ್ಷೆ ಮಾಡಿ, ಬಿಲ್ ಪಡೆಯಿರಿ.
5. ಎರಡು ಅಂಕಿ ಹೋಲಿಸಿ.

ಹೊಸ ಪದಗಳು

ಮೇಲ್ಮೈ: ವಸ್ತುವಿನ ಹೊರಭಾಗ
ಪ್ರತಿಫಲಿಸು: ಕನ್ನಡಿಯಂತೆ ತಿರುಗಿ ಕಳುಹಿಸು
ಪಟ್ಟಕ: ಮೂರು ಬದಿಯ ಗಾಜಿನ ತುಂಡು

ಲೆಕ್ಕ ಮಾಡಿ

12:1 ಗನ್ನನ್ನು 24 ಇಂಚು ದೂರದಿಂದ ಹಿಡಿದರೆ ಎಷ್ಟು ಅಗಲದ ಜಾಗ ನೋಡುತ್ತದೆ? 24ನ್ನು 12ರಿಂದ ಭಾಗಿಸಿ. ಉತ್ತರ 2 ಇಂಚು ಬಂದರೆ ನಿಮ್ಮ ಲೆಕ್ಕ ಸರಿ. ಇನ್ನು ಪೇಟೆಗೆ ಹೋಗಿ, ಡಬ್ಬಿಯನ್ನು ನೀವೇ ಓದಿ ಕೊಳ್ಳಿ.